ಬೆಳ್ಳಿ ಬಣ್ಣದ ಕಾರಿಗೆ ತೇಪೆ

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದು ಪಾರ್ಕಿಂಗಿನ ಕಂಬಗಳನ್ನು ನೋಡಿ. ನೆಲದಿಂದ ಎರಡು ಅಡಿ ಮೇಲೆ, ಮೂಲೆ ಮೂಲೆಯಲ್ಲೂ ಬಿಳಿ, ಕೆಂಪು, ಬೂದು, ಬೆಳ್ಳಿಯ ಗೀರುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಆ ಬಣ್ಣವೆಲ್ಲ ಯಾವುದೋ ಕಾರಿನ ಬಂಪರಿನಿಂದ, ಯಾವುದೋ ಕಾರಿನ ಹಿಂಬಾಗಿಲಿನಿಂದ ಕಿತ್ತುಬಂದದ್ದು. ಗಾಯ ಅಂಗೈ ಅಗಲದ್ದಾದರೂ ಸರ್ವಿಸ್ ಸೆಂಟರಿನವರು ಇಡೀ ಬಾಗಿಲಿನ ಲೆಕ್ಕ ಹೇಳುತ್ತಾರೆ. ವಿಮೆಯಲ್ಲಿ ಮಾಡಿಸೋಣ ಎಂದರೆ, ಅದಕ್ಕೆಂದೇ ಹೆಚ್ಚುವರಿ ಕವರ್ ತೆಗೆದುಕೊಂಡಿರದಿದ್ದರೆ ನೋ ಕ್ಲೇಮ್ ಬೋನಸ್ ಕೈಬಿಡುತ್ತದೆ. ಒಂದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20, ಸತತ ಐದು ವರ್ಷ ಮಾಡದವರಿಗೆ ಶೇ. 50 ರಿಯಾಯಿತಿ ಕೊಡುವ ಸೌಲಭ್ಯ ಅದು. ಒಂದು ಗೀರಿಗಾಗಿ ಅದನ್ನು ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಜನ ಮೂರನೆಯ ದಾರಿ ಹಿಡಿಯುತ್ತಾರೆ. ಕಾರಿನ ಬಣ್ಣದ್ದೇ ಒಂದು ಟಚಪ್ ಬಾಟಲಿಯನ್ನೋ ಸ್ಪ್ರೇ ಡಬ್ಬಿಯನ್ನೋ ತರಿಸಿಕೊಂಡು ಭಾನುವಾರ ಬೆಳಿಗ್ಗೆ ತಾವೇ ಕೂರುತ್ತಾರೆ.

ಕಾರು ಸಾದಾ ಬಿಳಿಯದೋ ಸಾದಾ ಕೆಂಪಿನದೋ ಆಗಿದ್ದರೆ ಈ ಕೆಲಸ ಬಹುಮಟ್ಟಿಗೆ ಕೈಗೂಡುತ್ತದೆ. ಮೆಟಾಲಿಕ್ ಆಗಿದ್ದರೆ, ಅದರಲ್ಲೂ ತಿಳಿ ಬೆಳ್ಳಿಯಾಗಿದ್ದರೆ, ಕಥೆ ಬೇರೆ. ಹಚ್ಚುವಾಗ ಚೆನ್ನಾಗಿಯೇ ಕಂಡದ್ದು, ಎದ್ದು ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ಮಂಕು ಮಚ್ಚೆಯಾಗಿರುತ್ತದೆ. ಪಕ್ಕಕ್ಕೆ ಹೋಗಿ ಓರೆಯಿಂದ ನೋಡಿದರೆ ಅದೇ ಮಚ್ಚೆ ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗೆ! ಅಂಗಡಿಯವನು ಬೇರೆ ಬಣ್ಣ ಕೊಟ್ಟುಬಿಟ್ಟ ಎಂಬ ಮಾತು ಆಗ ಬರುವುದು ಸಹಜ. ಆದರೆ ಸಾಮಾನ್ಯವಾಗಿ ಅವನು ಸರಿಯಾದ ಬಣ್ಣವನ್ನೇ ಕೊಟ್ಟಿರುತ್ತಾನೆ. ಮೆಟಾಲಿಕ್ ಬಣ್ಣ ಬಾಟಲಿಯೊಳಗೆ ಅರ್ಧವಷ್ಟೇ ಇರುತ್ತದೆ. ಉಳಿದರ್ಧ ಹುಟ್ಟುವುದು ಅದು ತಗಡಿನ ಮೇಲೆ ಕೂರುವ ಬಗೆಯಲ್ಲಿ. ಈ ಒಂದು ಸಂಗತಿ ಮೊದಲೇ ಗೊತ್ತಿದ್ದರೆ ಎಷ್ಟೋ ಬಾಗಿಲುಗಳು ಇನ್ನಷ್ಟು ಕೆಡುವುದು ತಪ್ಪುತ್ತದೆ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಈಗಿನ ಕಾರಿನ ಪದರಗಳನ್ನು ಕೆಳಗಿನಿಂದ ನೋಡುತ್ತ ಬನ್ನಿ. ತುಕ್ಕು ತಡೆಯಲೆಂದು ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಅಂಟಿಸಿದ ಪದರ ಮೊದಲನೆಯದು. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣವಿರುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲಿ ನಾವು ಕಾರಿನ ಬಣ್ಣ ಎಂದು ಕರೆಯುವ ಬೇಸ್ ಕೋಟಿನ ಪಾಲು ಬರೀ 15 ಮೈಕ್ರಾನ್ ಆಸುಪಾಸು. ಹೊಳಪು ಬರುವುದು ಕ್ಲಿಯರಿನಿಂದ. ಬೇಸ್ ಕೋಟ್ ಒಣಗಿದಾಗ ಅದಕ್ಕೆ ಹೊಳಪೇ ಇರುವುದಿಲ್ಲ.

ಮೆಟಾಲಿಕ್‌ನಲ್ಲಿ ಆ ತೆಳ್ಳನೆಯ ಬೇಸ್ ಕೋಟಿನೊಳಗೆ ಅಲ್ಯೂಮಿನಿಯಂ ಚಕ್ಕೆಗಳಿರುತ್ತವೆ. ಚಕ್ಕೆಯ ಅಗಲ 10ರಿಂದ 30 ಮೈಕ್ರಾನ್, ದಪ್ಪ ಒಂದು ಮೈಕ್ರಾನಿಗೂ ಕಡಿಮೆ. ಹಿಂದೆ, 1920-30ರ ದಶಕಗಳಲ್ಲಿ, ಈ ಮಿನುಗಿಗಾಗಿ ಮೀನಿನ ಹುರುಪೆಯಿಂದ ತೆಗೆದ ಹರಳುಗಳನ್ನು ಬಣ್ಣಕ್ಕೆ ಬೆರೆಸಿದ್ದುಂಟು. ಅದು ವಿಪರೀತ ದುಬಾರಿ. ಅಲ್ಯೂಮಿನಿಯಂ ಬಂದ ಮೇಲೆ ಮಿನುಗುವ ಕಾರು ಸಿರಿವಂತರದಷ್ಟೇ ಆಗಿ ಉಳಿಯಲಿಲ್ಲ. ಇಂದು ಕಾಗೆ ಬಂಗಾರದ ಪುಡಿಗೆ ಟೈಟಾನಿಯಂ ಡಯಾಕ್ಸೈಡ್ ಲೇಪಿಸಿ ಪರ್ಲ್ ಬಣ್ಣಗಳನ್ನೂ ಮಾಡುತ್ತಾರೆ. ಅವುಗಳ ವಿಷಯ ಮುಂದೆ ನೋಡೋಣ.

ಒಂದೊಂದು ಚಕ್ಕೆಯೂ ಒಂದು ಪುಟ್ಟ ಕನ್ನಡಿ. ಮೆಟಾಲಿಕ್ಕಿನ ಗುಟ್ಟೆಲ್ಲ ಈ ಕನ್ನಡಿಗಳು ಯಾವ ಕಡೆಗೆ ಮುಖ ಮಾಡಿ ಮಲಗಿವೆ ಎಂಬುದರಲ್ಲಿದೆ. ಅವೆಲ್ಲ ತಗಡಿಗೆ ಸಮಾನಾಂತರವಾಗಿ ಮಲಗಿದ್ದರೆ ಎದುರಿನಿಂದ ಬಂದ ಬೆಳಕು ಎದುರಿಗೇ ಮರಳುತ್ತದೆ. ಎದುರು ನಿಂತವನಿಗೆ ಬಣ್ಣ ಬೆಳ್ಳಗೆ, ಪ್ರಖರವಾಗಿ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ನೋಡುವವನ ಕಣ್ಣಿಗೆ ಬೆಳಕು ಬರುವುದಿಲ್ಲವಾದ್ದರಿಂದ ಅವನಿಗೆ ಅದೇ ಬಣ್ಣ ಗಾಢ. ಚಕ್ಕೆಗಳು ಅಡ್ಡಾದಿಡ್ಡಿ ನಿಂತಿದ್ದರೆ ಇದು ತಿರುಗಾಮುರುಗಾ. ಎದುರಿಗೆ ಬರಬೇಕಾದ ಬೆಳಕು ಎಲ್ಲ ಕಡೆಗೂ ಚೆದುರಿ ಎದುರಿನಿಂದ ಮಂಕು, ಓರೆಯಿಂದ ತಿಳಿ. ನೋಡುವ ಕೋನ ಬದಲಾದಂತೆ ಬಣ್ಣ ಹೀಗೆ ಬದಲಾಗುವುದನ್ನು ಪೇಂಟರುಗಳು ಫ್ಲಾಪ್ ಎನ್ನುತ್ತಾರೆ. ಕಾರಿನ ಮೈಯ ಉಬ್ಬುತಗ್ಗುಗಳು ಎದ್ದು ಕಾಣುವುದು ಈ ಫ್ಲಾಪಿನಿಂದಲೇ. ಬಾನೆಟ್ಟಿನ ಅಂಚಿನಲ್ಲಿ ಬಣ್ಣ ಬೆಳಗಿ, ಬಾಗಿಲಿನ ಕೆಳಗೆ ಕಪ್ಪಾಗುವ ಚೆಲುವಿಗಾಗಿಯೇ ನಾವು ಮೆಟಾಲಿಕ್ಕಿಗೆ ಹೆಚ್ಚು ಹಣ ಕೊಡುತ್ತೇವೆ. ತೇಪೆ ಹಾಕುವಾಗ ಕಾಡುವುದೂ ಅದೇ.

ಚಕ್ಕೆಗಳು ಹೇಗೆ ಮಲಗುತ್ತವೆ ಎಂಬುದನ್ನು ತೀರ್ಮಾನಿಸುವುದು ಬಣ್ಣ ಎಷ್ಟು ಹಸಿಯಾಗಿ ಬಿತ್ತು ಎಂಬುದು. ಸ್ಪ್ರೇ ಗನ್ನನ್ನು ಹತ್ತಿರ ಹಿಡಿದು, ನಿಧಾನವಾಗಿ, ದಪ್ಪಗೆ ಹೊಡೆದರೆ ಬಣ್ಣ ಬಹಳ ಹೊತ್ತು ಹಸಿಯಾಗಿರುತ್ತದೆ. ಆ ದ್ರವದೊಳಗೆ ಚಕ್ಕೆಗಳು ತೇಲಿ, ತಿರುಗಿ, ಕೆಳಗಿಳಿದು ಅಡ್ಡಾದಿಡ್ಡಿ ನಿಲ್ಲುತ್ತವೆ. ಎದುರಿನಿಂದ ನೋಡಿದರೆ ಬಣ್ಣ ಕಪ್ಪಗಾಗಿರುತ್ತದೆ. ದೂರದಿಂದ, ಬೇಗ ಬೇಗ, ತೆಳ್ಳಗೆ ಹೊಡೆದರೆ ಹನಿಗಳು ಗಾಳಿಯಲ್ಲೇ ಅರೆಬರೆ ಒಣಗಿ ಬೀಳುವುದರಿಂದ ಚಕ್ಕೆಗಳು ಮೇಲ್ಭಾಗದಲ್ಲೇ ಚಪ್ಪಟೆಯಾಗಿ ಸಿಕ್ಕಿಕೊಳ್ಳುತ್ತವೆ. ಬಣ್ಣ ತಿಳಿಯಾಗುತ್ತದೆ. ಬೇಗ ಆರುವ ಥಿನ್ನರ್ ಹಾಕಿದರೆ ತಿಳಿ, ನಿಧಾನಕ್ಕೆ ಆರುವ ಥಿನ್ನರ್ ಹಾಕಿದರೆ ಗಾಢ. ಗಾಳಿಯ ಒತ್ತಡ ಹೆಚ್ಚಿಸಿದರೆ ತಿಳಿ, ಇಳಿಸಿದರೆ ಗಾಢ. ಒಂದೇ ಡಬ್ಬಿಯ ಬಣ್ಣವನ್ನು ಇಬ್ಬರು ಪೇಂಟರುಗಳ ಕೈಗೆ ಕೊಟ್ಟರೆ ಎರಡು ಬೆಳ್ಳಿ ಸಿಗುತ್ತದೆ. ಒಬ್ಬನೇ ಪೇಂಟರ್ ಬೆಳಿಗ್ಗೆಯ ತಂಪಿನಲ್ಲಿ ಒಮ್ಮೆ, ನಡುಮಧ್ಯಾಹ್ನ ಇನ್ನೊಮ್ಮೆ ಹೊಡೆದರೂ ವ್ಯತ್ಯಾಸ ಕಂಡೀತು.

ಇನ್ನು ಕಾರ್ಖಾನೆಯಲ್ಲಿ ಈ ಬಣ್ಣ ಹೇಗೆ ಬಿದ್ದಿತ್ತೆಂದು ಯೋಚಿಸಿ. ಅಲ್ಲಿ ರೋಬೋಟಿನ ತೋಳಿನ ತುದಿಯಲ್ಲಿ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಒಂದು ಬಟ್ಟಲು ಬಣ್ಣವನ್ನು ನುಣುಪಾದ ಮಂಜಾಗಿ ಒಡೆಯುತ್ತದೆ. ಹೆಚ್ಚಿನ ವೋಲ್ಟೇಜಿನ ವಿದ್ಯುತ್ತು ಆ ಮಂಜನ್ನು ತಗಡಿನತ್ತ ಸೆಳೆಯುತ್ತದೆ. ಕೋಣೆಯ ಉಷ್ಣತೆ, ತೇವಾಂಶ ಎರಡೂ ಹತೋಟಿಯಲ್ಲಿರುತ್ತವೆ. ಕ್ಲಿಯರ್ ಕೋಟನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸುತ್ತಾರೆ. ಅಲ್ಲಿ ಮಲಗಿದ ಹಾಗೆಯೇ ಚಕ್ಕೆಗಳನ್ನು ಮನೆಯಂಗಳದಲ್ಲಿ ಮಲಗಿಸುವುದು, ಅದೂ ಬೆರಳಿನಿಂದ ಒತ್ತುವ ಒಂದು ಡಬ್ಬಿಯಿಂದ, ಆಗುವ ಮಾತಲ್ಲ. ಇದನ್ನು ಒಪ್ಪಿಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ.

ಬಣ್ಣದ ಕೋಡ್ ಇದ್ದೇ ಇದೆಯಲ್ಲ ಎನ್ನಬಹುದು. ಇದೆ, ಮತ್ತು ಅದು ಬೇಕೇ ಬೇಕು. ಬರೀ ಸಿಲ್ವರ್ ಕೊಡಿ ಎಂದು ಅಂಗಡಿಯಲ್ಲಿ ಕೇಳಬಾರದು. ಹೋಂಡಾದಲ್ಲಿ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿ ಎನ್‌ಎಚ್-700ಎಂ ಎಂಬಂಥ ಗುರುತು ಕಾಣುತ್ತದೆ. ಅದು ಅಲಬಾಸ್ಟರ್ ಸಿಲ್ವರ್. ಟೊಯೊಟಾ ತಟ್ಟೆಯ ಮೇಲೆ ಸಿ/ಟಿಆರ್ ಎಂಬ ಅಕ್ಷರಗಳ ಮುಂದೆ 1ಎಫ್7ರಂಥ ಸಂಕೇತವಿರುತ್ತದೆ. ಫೋಕ್ಸ್‌ವ್ಯಾಗನ್ನಿನ ರಿಫ್ಲೆಕ್ಸ್ ಸಿಲ್ವರಿನದು ಎಲ್‌ಎ7ಡಬ್ಲ್ಯು. ಬಾನೆಟ್ಟಿನ ಅಡಿ, ಡಿಕ್ಕಿಯ ಸ್ಟೆಪ್ನಿ ಗುಳಿ, ಸರ್ವಿಸ್ ಪುಸ್ತಕ, ಹೀಗೆ ಚೀಟಿಯ ಜಾಗ ಮಾದರಿಯಿಂದ ಮಾದರಿಗೆ ಬೇರೆ. ಸಿಗದಿದ್ದರೆ ಚಾಸಿ ನಂಬರ್ ಹೇಳಿ ಡೀಲರ್ ಬಳಿ ಕೇಳಬಹುದು.

ಆದರೆ ಕೋಡ್ ಹೇಳುವುದು ಕಾರ್ಖಾನೆ ಯಾವ ಬಣ್ಣವನ್ನು ಉದ್ದೇಶಿಸಿತ್ತು ಎಂಬುದನ್ನು. ನಿಮ್ಮ ಕಾರಿನ ಮೈಮೇಲೆ ಇಂದು ಏನಿದೆ ಎಂಬುದನ್ನು ಅದು ಹೇಳಲಾರದು. ಒಂದೇ ಕೋಡಿನ ಬಣ್ಣವನ್ನು ಒಂದಕ್ಕಿಂತ ಹೆಚ್ಚು ಕಾರ್ಖಾನೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಸರಬರಾಜುದಾರರ ಬಣ್ಣದಿಂದ ಹೊಡೆದಿರುತ್ತಾರೆ. ಹಾಗಾಗಿ ದುರಸ್ತಿ ಬಣ್ಣದ ಕಂಪನಿಗಳು ರಸ್ತೆಯಲ್ಲಿರುವ ಕಾರುಗಳನ್ನೇ ಅಳೆದು ಒಂದೇ ಕೋಡಿಗೆ ಹಲವು ಉಪಸೂತ್ರಗಳನ್ನು ಇಟ್ಟುಕೊಂಡಿವೆ. ಒಂದು ತುಸು ನೀಲಿಯ ಕಡೆಗೆ, ಒಂದು ತುಸು ಹಳದಿಯ ಕಡೆಗೆ, ಒಂದು ದಪ್ಪ ಚಕ್ಕೆಯದು, ಇನ್ನೊಂದು ಸಣ್ಣ ಚಕ್ಕೆಯದು. ದೊಡ್ಡ ವರ್ಕ್‌ಶಾಪುಗಳಲ್ಲಿ ಬಣ್ಣವನ್ನು 15, 45, 110 ಡಿಗ್ರಿಗಳಂಥ ಹಲವು ಕೋನಗಳಲ್ಲಿ ಅಳೆಯುವ ಉಪಕರಣವನ್ನು ಕಾರಿನ ಮೈಗೆ ಒತ್ತಿ ನೋಡುತ್ತಾರೆ. ಒಂದೇ ಕೋನದಲ್ಲಿ ಅಳೆದರೆ ಮೆಟಾಲಿಕ್ಕಿಗೆ ಸಾಲದು. ಆಮೇಲೆ ಗ್ರಾಮಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬಣ್ಣ ತೂಗಿ ಬೆರೆಸುತ್ತಾರೆ. ತಯಾರಾಗಿ ಬರುವ ಡಬ್ಬಿಯಲ್ಲಿ ಇದೆಲ್ಲ ಇಲ್ಲ, ಅದರೊಳಗಿರುವುದು ಕೋಡಿನ ಸಾಮಾನ್ಯ ಸೂತ್ರ ಮಾತ್ರ.

ಅದರಿಂದ ನನ್ನ ಸಲಹೆ, ಆಗುವುದಾದರೆ ಬಣ್ಣ ಬೆರೆಸಿಕೊಡುವ ಅಂಗಡಿಗೇ ಹೋಗಿ. ಬೆಂಗಳೂರಿನಲ್ಲಾದರೆ ವಾಹನದ ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಯ ಸುತ್ತಮುತ್ತ ವಿಚಾರಿಸಿ. ಜಿಲ್ಲಾ ಕೇಂದ್ರಗಳಲ್ಲೂ ಕಾರಿನ ಬಣ್ಣ ಬೆರೆಸುವವರು ಸಿಗುತ್ತಾರೆ. ಕಾರನ್ನೇ ಒಯ್ಯಿರಿ, ಇಲ್ಲವೇ ಬಿಚ್ಚಲು ಬರುವುದಾದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಒಯ್ಯಿರಿ. ಒಯ್ಯುವ ಮುಂಚೆ ಅದನ್ನು ಚೆನ್ನಾಗಿ ತೊಳೆದು ಪಾಲಿಶ್ ಮಾಡಬೇಕು. ಹಳೆಯ ವ್ಯಾಕ್ಸ್, ರಸ್ತೆಯ ಕೊಳೆ, ಬಿಸಿಲಿಗೆ ಮಂಕಾದ ಮೇಲ್ಪದರ ಇವುಗಳಿಗೆ ಹೊಂದುವ ಬಣ್ಣ ಬೆರೆಸಿಕೊಂಡು ಬಂದು, ತಿಂಗಳ ನಂತರ ಕಾರಿಗೆ ಪಾಲಿಶ್ ಹಾಕಿಸಿದಾಗ ತೇಪೆ ಎದ್ದು ಕಾಣುವುದುಂಟು. ಎಂಟು ಹತ್ತು ವರ್ಷ ಬಯಲಲ್ಲೇ ನಿಂತ ಕಾರಾದರೆ ಕ್ಲಿಯರ್ ಕೋಟೇ ಹಳದಿಗೆ ತಿರುಗಿರಬಹುದು. ಆಗ ಹೊಸ ಕಾರಿನ ಸೂತ್ರ ಹೊಂದುವುದೇ ಇಲ್ಲ. ಅಂದ ಹಾಗೆ, ಬಂಪರಿಗೂ ಪಕ್ಕದ ಫೆಂಡರಿಗೂ ಹೊಸ ಕಾರಿನಲ್ಲೇ ಅಷ್ಟಿಷ್ಟು ವ್ಯತ್ಯಾಸವಿರುವುದು ಅಪರೂಪವಲ್ಲ. ಒಂದು ಪ್ಲಾಸ್ಟಿಕ್, ಇನ್ನೊಂದು ಉಕ್ಕು. ಬೇರೆ ಕಡೆ, ಬೇರೆ ಬಿಸಿಯಲ್ಲಿ ಬಣ್ಣ ಪಡೆದಂಥವು. ನಾವು ಗಮನಿಸಿರುವುದಿಲ್ಲ ಅಷ್ಟೆ.

ಏಕೆ ಗಮನಿಸಿರುವುದಿಲ್ಲ ಎಂಬ ಪ್ರಶ್ನೆಯಲ್ಲಿಯೇ ಒಳ್ಳೆಯ ಪೇಂಟರುಗಳ ವಿದ್ಯೆ ಇದೆ. ನಮ್ಮ ಕಣ್ಣು ಗಡಿಯನ್ನು ಬಹಳ ಚುರುಕಾಗಿ ಹಿಡಿಯುತ್ತದೆ. ಒಂದೇ ಸಪಾಟಿನ ಮೇಲೆ ಎರಡು ಛಾಯೆಗಳು ಅಕ್ಕಪಕ್ಕ ಬಂದು ನಡುವೆ ಗೆರೆ ಬಿದ್ದರೆ ಎಳ್ಳಷ್ಟು ವ್ಯತ್ಯಾಸವೂ ಕಾಣುತ್ತದೆ. ನಡುವೆ ಸಂದು ಇದ್ದರೆ, ಮೈ ತಿರುವಿದ್ದರೆ, ಅದೇ ವ್ಯತ್ಯಾಸ ಮರೆಯಾಗುತ್ತದೆ. ಎರಡು ಛಾಯೆಗಳು ಒಂದು ಮೊಳದಷ್ಟು ಜಾಗದಲ್ಲಿ ಮೆಲ್ಲಗೆ ಒಂದರೊಳಗೊಂದು ಕರಗಿದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ನುರಿತ ಪೇಂಟರ್ ಬಣ್ಣವನ್ನು ಪೂರ್ತಿ ಹೊಂದಿಸಲು ಹೆಣಗುವುದಿಲ್ಲ. ಹತ್ತಿರ ತಂದುಕೊಂಡು, ಉಳಿದದ್ದನ್ನು ಕರಗಿಸುತ್ತಾನೆ. ಏಟು ಬಿದ್ದ ಜಾಗದಲ್ಲಿ ಬಣ್ಣ ಪೂರ್ತಿ, ಸುತ್ತ ಹೋದಂತೆ ತೆಳು, ಅದರಾಚೆ ಸಿಂಪರಣೆ, ಆಮೇಲೆ ಹಳೆಯ ಬಣ್ಣ. ಕ್ಲಿಯರ್ ಕೋಟನ್ನು ಮಾತ್ರ ಸಂದಿನಿಂದ ಸಂದಿನವರೆಗೆ ಇಡೀ ಪ್ಯಾನೆಲ್ಲಿಗೆ ಹೊಡೆಯುತ್ತಾನೆ. ಬಾಗಿಲಿನ ಅಂಚಿನಲ್ಲೇ ಏಟಿದ್ದರೆ ಪಕ್ಕದ ಬಾಗಿಲಿಗೂ ಬಣ್ಣವನ್ನು ಹಬ್ಬಿಸುತ್ತಾನೆ. ಇದಕ್ಕೆ ಬ್ಲೆಂಡಿಂಗ್ ಎನ್ನುತ್ತಾರೆ. ಕೆಡದ ಬಾಗಿಲಿಗೂ ಬಣ್ಣ ಹೊಡೆಯಬೇಕು ಎಂದು ಪೇಂಟರ್ ಹೇಳಿದ ಕೂಡಲೇ ನಾವು ಹಣ ಕೀಳುವ ಉಪಾಯ ಎಂದುಕೊಳ್ಳುತ್ತೇವೆ. ಮೆಟಾಲಿಕ್ ಕಾರಿನ ಮಟ್ಟಿಗೆ ಅವನು ಹೇಳುತ್ತಿರುವುದು ಸರಿಯಾದ ಮಾತು.

ಮನೆಯಲ್ಲಿ ಕೆಲಸ ಮಾಡುವವರು ಈ ವಿದ್ಯೆಯಿಂದ ಒಂದು ಪಾಠವನ್ನು ಎತ್ತಿಕೊಳ್ಳಬಹುದು. ಬಣ್ಣಕ್ಕಿಂತ ಜಾಗವನ್ನು ಮೊದಲು ನೋಡಬೇಕು. ಬಂಪರಿನ ಕೆಳಮೂಲೆ, ಬಾಗಿಲಿನ ಕೆಳಗಿನ ಪಟ್ಟಿ, ಚಕ್ರದ ಕಮಾನಿನ ಅಂಚು ಇವು ಕಣ್ಣಿನ ಮಟ್ಟಕ್ಕಿಂತ ಕೆಳಗಿವೆ, ತಿರುವಿನಲ್ಲಿವೆ, ನೆರಳಿನಲ್ಲಿವೆ. ಇಲ್ಲಿ ಹೆಚ್ಚುಕಡಿಮೆಯಾದರೂ ಮುಚ್ಚಿಹೋಗುತ್ತದೆ. ಬಾನೆಟ್ಟಿನ ನಡುವೆ, ಮುಂಬಾಗಿಲಿನ ಮಧ್ಯದಲ್ಲಿ, ಟಾಪಿನ ಮೇಲೆ ಆಕಾಶದ ಬೆಳಕು ನೇರವಾಗಿ ಬೀಳುತ್ತದೆ. ಅಲ್ಲಿ ಯಾವ ಡಬ್ಬಿಯೂ ನಮ್ಮನ್ನು ಕಾಯುವುದಿಲ್ಲ. ಛಾಯೆಯೂ ಮುಖ್ಯ. ಸಣ್ಣ ಚಕ್ಕೆಯ ಗಾಢ ನೀಲಿ, ಗಾಢ ಬೂದು ಬಣ್ಣಗಳು ಸಾಕಷ್ಟು ಕ್ಷಮಿಸುತ್ತವೆ, ತಿಳಿ ಬೆಳ್ಳಿ ಮತ್ತು ತಿಳಿ ಚಿನ್ನದ ಬಣ್ಣಗಳು ಕ್ಷಮಿಸುವುದಿಲ್ಲ. ಮುತ್ತಿನ ಬಿಳಿಯಂಥ ಮೂರು ಪದರದ ಬಣ್ಣಗಳಲ್ಲಿ ಕೆಳಗೊಂದು ಬಿಳಿ, ಅದರ ಮೇಲೆ ಕಾಗೆ ಬಂಗಾರದ ಅರೆಪಾರದರ್ಶಕ ಪದರ, ಆಮೇಲೆ ಕ್ಲಿಯರ್ ಇರುತ್ತದೆ. ನಡುವಿನ ಪದರವನ್ನು ಎಷ್ಟು ಸಲ ಹೊಡೆದರು ಎಂಬುದರ ಮೇಲೆ ಬಣ್ಣವೇ ಬದಲಾಗುತ್ತದೆ. ಅದನ್ನು ಮನೆಯಲ್ಲಿ ಸ್ಪ್ರೇ ಮಾಡಲು ಹೋಗಲೇಬಾರದು.

ಹಾಗೆಯೇ, ಬಣ್ಣ ಹಚ್ಚುವ ಅಗತ್ಯವಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿ. ಗೀರಿನ ಮೇಲೆ ನೀರು ಚಿಮುಕಿಸಿ. ನೀರಿರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಅದು ಕ್ಲಿಯರ್ ಕೋಟಿನಲ್ಲಷ್ಟೇ ಇದೆ ಎಂದರ್ಥ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳದಿದ್ದರೂ ಹಾಗೆಯೇ. ಅದಕ್ಕೆ ರಬ್ಬಿಂಗ್ ಕಾಂಪೌಂಡ್ ಮತ್ತು ಮೆತ್ತನೆಯ ಬಟ್ಟೆ ಸಾಕು, ಬಣ್ಣ ಬೇಡ. ಕಂಬಕ್ಕೆ ಉಜ್ಜಿದ ಕಾರುಗಳಲ್ಲಂತೂ ಎಷ್ಟೋ ಬಾರಿ ಕಾಣುವುದು ಕಂಬದ ಬಣ್ಣವೇ. ಉಜ್ಜಿದರೆ ಹೋಗುತ್ತದೆ.

ಕಲ್ಲು ಸಿಡಿದು ಬಿದ್ದ ಚುಕ್ಕೆಗಳಿಗೆ ಬಾಟಲಿ ಸಾಕು. ಅಲ್ಯೂಮಿನಿಯಂ ಭಾರವಾದ್ದರಿಂದ ಚಕ್ಕೆಗಳೆಲ್ಲ ತಳದಲ್ಲಿ ಕೂತಿರುತ್ತವೆ. ಒಳಗಿನ ಗುಂಡು ಸದ್ದು ಮಾಡುವ ಹಾಗೆ ಕನಿಷ್ಠ ಎರಡು ನಿಮಿಷ ಕುಲುಕಬೇಕು. ಮುಚ್ಚಳದಲ್ಲಿರುವ ದಪ್ಪ ಬ್ರಷ್ಷನ್ನು ಬದಿಗಿಡಿ. ಒಂದು ಹನಿಯನ್ನು ಪ್ಲಾಸ್ಟಿಕ್ ತುಂಡಿನ ಮೇಲೆ ಹಾಕಿಕೊಂಡು ಹಲ್ಲುಕಡ್ಡಿಯ ತುದಿಯಿಂದ ಗುಳಿಯೊಳಗೆ ಮಾತ್ರ ಮುಟ್ಟಿಸಿ. ಹಿಂದಕ್ಕೂ ಮುಂದಕ್ಕೂ ಎಳೆದರೆ ಚಕ್ಕೆಗಳು ಒಂದು ಕಡೆ ಗುಡ್ಡೆ ಬೀಳುತ್ತವೆ, ಇನ್ನೊಂದು ಕಡೆ ಕಪ್ಪು ಉಳಿಯುತ್ತದೆ. ಗುಳಿಯಲ್ಲಿ ತಗಡು ಕಾಣುತ್ತಿದ್ದರೆ ಮೊದಲು ಚೂರು ಪ್ರೈಮರ್ ಹಾಕಬೇಕು, ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರಾದರೆ ಇದನ್ನು ಮರೆಯಲೇಬಾರದು. ಬಣ್ಣವನ್ನು ಒಂದೇ ಬಾರಿಗೆ ತುಂಬದೆ, ಒಂದು ತೆಳುಪದರ ಆರಿದ ಮೇಲೆ ಇನ್ನೊಂದು ಕೊಡಿ. ಕೊನೆಗೆ ಕ್ಲಿಯರಿನಿಂದ ಗುಳಿಯನ್ನು ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ತಂದು, ಕೆಲವು ದಿನ ಬಿಟ್ಟು, 2000 ಅಥವಾ 2500 ನಂಬರಿನ ವಾಟರ್ ಪೇಪರಿನಿಂದ ಸೋಪುನೀರಿನಲ್ಲಿ ಮೆತ್ತಗೆ ತೀಡಿ ಕಾಂಪೌಂಡ್ ಹಾಕಿ. ಹೀಗೆ ಮಾಡಿದ ಚುಕ್ಕೆ ಎದುರಿನಿಂದ ಒಂದಿಷ್ಟು ಕಪ್ಪಗೆ ಕಂಡರೂ ಮೂರು ಅಡಿಯಿಂದ ಕಾಣುವುದಿಲ್ಲ. ತುಕ್ಕೂ ಹಿಡಿಯುವುದಿಲ್ಲ.

ಅಂಗೈ ಅಗಲದ ಗಾಯಕ್ಕೆ ಸ್ಪ್ರೇ ಡಬ್ಬಿ ಬೇಕಾಗುತ್ತದೆ. ಕಾರಿನತ್ತ ಡಬ್ಬಿ ತಿರುಗಿಸುವ ಮೊದಲು ಕಾರ್ಡುಗಳ ಮೇಲೆ ಹೊಡೆದು ನೋಡಿ. ಇದೊಂದು ಕೆಲಸವನ್ನು ತಪ್ಪದೆ ಮಾಡಿ ಎಂದು ಕೈಮುಗಿದು ಕೇಳುತ್ತೇನೆ. ನುಣುಪಾದ ಮೂರು ನಾಲ್ಕು ರಟ್ಟುಗಳಿಗೆ, ಇಲ್ಲವೇ ತಗಡಿನ ತುಂಡುಗಳಿಗೆ, ಕಾರಿಗೆ ಬಳಸುವ ಪ್ರೈಮರನ್ನೇ ಹೊಡೆಯಿರಿ. ಬಣ್ಣ ತೆಳ್ಳಗೆ ಬಿದ್ದು, ಕೆಳಗಿನ ಪ್ರೈಮರ್ ಕಪ್ಪಗಿದ್ದರೆ ಮೇಲೂ ಕಪ್ಪು ತೋರುತ್ತದೆ. ಒಂದು ಕಾರ್ಡಿಗೆ 20 ಸೆಂಟಿಮೀಟರಿನಿಂದ ಹಸಿಯಾಗಿ, ಒಂದಕ್ಕೆ 30 ಸೆಂಟಿಮೀಟರಿನಿಂದ ಒಣವಾಗಿ, ಇನ್ನೊಂದಕ್ಕೆ ನಡುವಿನ ಬಗೆಯಲ್ಲಿ ಹೊಡೆದು ಹೇಗೆ ಹೊಡೆದಿರಿ ಎಂಬುದನ್ನು ಹಿಂಬದಿಯಲ್ಲಿ ಬರೆಯಿರಿ. ಎಲ್ಲಕ್ಕೂ ಕ್ಲಿಯರ್ ಕೊಡಿ. ಕ್ಲಿಯರ್ ಬೀಳದ ಮೆಟಾಲಿಕ್ಕನ್ನು ನೋಡಿ ಹೊಂದಿತು, ಹೊಂದಲಿಲ್ಲ ಎಂದು ಹೇಳುವುದು ವ್ಯರ್ಥ, ಕ್ಲಿಯರ್ ಬಿದ್ದ ಮೇಲೆ ಬಣ್ಣ ಗಾಢವಾಗುತ್ತದೆ. ಒಣಗಿದ ಕಾರ್ಡುಗಳನ್ನು ಗಾಯದ ಪಕ್ಕ, ಕಾರಿನ ಮೈಗೆ ಒತ್ತಿ ಹಿಡಿಯಿರಿ. ಬಾಗಿಲಿನ ಗಾಯಕ್ಕೆ ಕಾರ್ಡು ನೆಟ್ಟಗೇ ಇರಬೇಕು, ನೆಲಕ್ಕೆ ಸಮನಾಗಿ ಹಿಡಿದರೆ ತೀರ್ಪು ತಪ್ಪುತ್ತದೆ. ಎದುರಿನಿಂದ ನೋಡಿ, ಎರಡೂ ಪಕ್ಕದಿಂದ ಓರೆಯಾಗಿ ನೋಡಿ. ನೆಲಮಾಳಿಗೆಯ ಟ್ಯೂಬ್‌ಲೈಟಿನಲ್ಲಿ ಹೊಂದಿದ ಎರಡು ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗಬಹುದು. ಆದ್ದರಿಂದ ನೆರಳಿನ ಹಗಲುಬೆಳಕಿನಲ್ಲಿ ಒಮ್ಮೆ, ನೇರ ಬಿಸಿಲಿನಲ್ಲಿ ಒಮ್ಮೆ ನೋಡುವುದು ಅಗತ್ಯ. ಬಹಳ ಹೊತ್ತು ದಿಟ್ಟಿಸಬೇಡಿ. ಕಣ್ಣು ಹೊಂದಿಕೊಂಡುಬಿಡುತ್ತದೆ, ಮೊದಲ ಕ್ಷಣದ ಅನಿಸಿಕೆಯೇ ನಂಬಿಕೆಗೆ ಅರ್ಹ. ಎದುರಿನಿಂದ ಕಪ್ಪು, ಓರೆಯಿಂದ ತಿಳಿ ಎನ್ನಿಸಿದರೆ ಬಣ್ಣ ಹಸಿಯಾಗಿ ಬಿದ್ದಿದೆ, ಮುಂದಿನ ಕಾರ್ಡಿಗೆ ದೂರದಿಂದ ಹೊಡೆಯಿರಿ. ಎಲ್ಲ ಕೋನದಿಂದಲೂ ಕಪ್ಪು ಅಥವಾ ಎಲ್ಲ ಕೋನದಿಂದಲೂ ನೀಲಿ ಎನ್ನಿಸಿದರೆ ಮಾತ್ರ ಡಬ್ಬಿಯ ಬಣ್ಣದಲ್ಲೇ ವ್ಯತ್ಯಾಸವಿದೆ. ಅದನ್ನು ಕೈಚಳಕದಿಂದ ಸರಿಪಡಿಸಲಾಗದು, ಅಂಗಡಿಗೆ ಮರಳಬೇಕು.

ಒಂದು ಕಾರ್ಡು ಹೊಂದಿತೆಂದರೆ ಅದೇ ದಿನ, ಅದೇ ಹವೆಯಲ್ಲಿ ಕಾರಿಗೆ ಹೊಡೆಯಿರಿ. ನಮ್ಮಲ್ಲಿ ಹವೆಯ ಪಾಲು ಸಣ್ಣದಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ತೇವ ಬಣ್ಣದೊಳಗೆ ಸಿಕ್ಕಿಕೊಂಡು ಮೇಲ್ಮೈ ಬೆಳ್ಳಗೆ ಬೂಸಲು ಹಿಡಿದಂತಾಗುತ್ತದೆ. ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಹನಿಗಳು ಕಾರು ಮುಟ್ಟುವ ಮೊದಲೇ ಒಣಗಿ ಉಪ್ಪುಕಾಗದದಂತೆ ತರಿತರಿಯಾಗುತ್ತವೆ. ಬಿಸಿಲಿಗೆ ಕಾದ ತಗಡಿನ ಮೇಲಂತೂ ಹೊಡೆಯಲೇಬಾರದು. 25 ಡಿಗ್ರಿ ಆಸುಪಾಸಿನ, ಗಾಳಿ ಬೀಸದ, ಒಣ ಬೆಳಗು ಒಳ್ಳೆಯದು.

ಹೊಡೆಯುವ ಕ್ರಮ ಹೀಗೆ. ಗಾಯದ ಅಂಚನ್ನು ಬೆರಳಿಗೆ ಮೆಟ್ಟಿಲು ಸಿಗದ ಹಾಗೆ ತೀಡಿ, ಪ್ರೈಮರನ್ನು 800ರ ವಾಟರ್ ಪೇಪರಿನಲ್ಲಿ ನುಣುಪು ಮಾಡಿ, ಸುತ್ತಲಿನ ಹಳೆಯ ಕ್ಲಿಯರನ್ನೂ 1500 ಅಥವಾ 2000ರಲ್ಲಿ ಹೊಳಪು ಹೋಗುವಷ್ಟು ತೀಡಿಕೊಳ್ಳಬೇಕು. ಪ್ಲಾಸ್ಟಿಕ್ ಬಂಪರ್ ಕಾಣುತ್ತಿದ್ದರೆ ಪ್ಲಾಸ್ಟಿಕ್ಕಿಗೆ ಬೇರೆಯೇ ಪ್ರೈಮರ್ ಇದೆ, ಅದು ಬೇಕು. ಮಾಸ್ಕಿಂಗ್ ಟೇಪನ್ನು ಗಾಯದ ಅಂಚಿಗೇ ಅಂಟಿಸಿದರೆ ಗೆರೆ ಬೀಳುತ್ತದೆ. ಕಾಗದವನ್ನು ದೂರದ ತಿರುವಿಗೋ ಸಂದಿಗೋ ಸರಿಸಿ, ಅಂಚನ್ನು ಒಳಮಡಚಿ ಅಂಟಿಸಿ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೊಂಚ ಹೊತ್ತು ಇಟ್ಟರೆ ಸಿಂಪರಣೆ ನುಣುಪಾಗುತ್ತದೆ. ಕುದಿಯುವ ನೀರು, ಒಲೆ ಸುತರಾಂ ಕೂಡದು, 50 ಡಿಗ್ರಿ ದಾಟಿದರೆ ಡಬ್ಬಿ ಸಿಡಿದೀತು. ಕೈ ಚಲಿಸಲು ಶುರುವಾದ ಮೇಲೆ ಒತ್ತಿ, ನಿಲ್ಲುವ ಮೊದಲೇ ಬಿಡಿ. ತೆಳ್ಳಗೆ ಮೂರು ನಾಲ್ಕು ಸಲ, ಪ್ರತಿ ಸಲಕ್ಕೂ ನಡುವೆ ಹತ್ತು ನಿಮಿಷ. ಪ್ರತಿ ಸಲವೂ ಹಿಂದಿನದಕ್ಕಿಂತ ಎರಡು ಬೆರಳು ಆಚೆಗೆ ಹೋಗಲಿ. ಕೊನೆಯದನ್ನು ಇನ್ನಷ್ಟು ದೂರದಿಂದ, ಮಂಜು ಇಳಿದ ಹಾಗೆ ಕೊಟ್ಟರೆ ಚಕ್ಕೆಗಳ ಪಟ್ಟೆ, ಮೋಡ ಸಮನಾಗುತ್ತವೆ. ಧೂಳಿನ ಕಣ ಕೂತಿತೆಂದು ಕೊನೆಯ ಬೇಸ್ ಕೋಟನ್ನು ತೀಡಲು ಹೋಗಬೇಡಿ, ಚಕ್ಕೆಗಳು ಕತ್ತರಿಸಿಹೋಗಿ ಕಪ್ಪು ಕಲೆ ಉಳಿಯುತ್ತದೆ. ತೀಡಿದರೆ ಅದರ ಮೇಲೆ ಮತ್ತೆ ಬಣ್ಣ ಬರಲೇಬೇಕು. ಕ್ಲಿಯರನ್ನು ಡಬ್ಬಿಯ ಮೇಲೆ ಬರೆದ ಅವಧಿಯೊಳಗೆ, ಸಾಧ್ಯವಾದಷ್ಟೂ ಸಂದಿನವರೆಗೆ ಹಬ್ಬಿಸಿ ಕೊಡಿ.

ಕ್ಲಿಯರಿನಲ್ಲಿ ಎರಡು ಜಾತಿ. ಸಾಮಾನ್ಯ ಸ್ಪ್ರೇ ಡಬ್ಬಿಯದು ಒಂದೇ ದ್ರವ, ಗಾಳಿಗೆ ಆರುತ್ತದೆ. ಪೆಟ್ರೋಲ್ ಚೆಲ್ಲಿದರೆ ಕರಗುತ್ತದೆ, ಆದ್ದರಿಂದ ಟ್ಯಾಂಕಿನ ಸುತ್ತ ಬಾಳಿಕೆ ಬರುವುದಿಲ್ಲ. ಗಟ್ಟಿಯಾದದ್ದು ಹಾರ್ಡನರ್ ಬೆರೆಯುವ ಟೂ-ಕೆ ಕ್ಲಿಯರ್. ಸರ್ವಿಸ್ ಸೆಂಟರುಗಳಲ್ಲಿ ಹೊಡೆಯುವುದು ಇದನ್ನೇ. ತಳದ ಗುಂಡಿ ಒತ್ತಿ ಹಾರ್ಡನರ್ ಬಿಡುಗಡೆ ಮಾಡುವ ಟೂ-ಕೆ ಡಬ್ಬಿಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇದೆ. ಅದರ ಮಂಜು ಉಸಿರಿಗೆ ಸೇರಿದರೆ ಅಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾಯಿತೆಂದರೆ ಮುಂದೆ ಚೂರೇ ಚೂರು ತಗುಲಿದರೂ ಉಸಿರು ಕಟ್ಟುತ್ತದೆ. ಬಟ್ಟೆಯ ಮಾಸ್ಕು, ಧೂಳಿನ ಮಾಸ್ಕು ಅದನ್ನು ತಡೆಯುವುದಿಲ್ಲ. ನೆಲಮಾಳಿಗೆಯಲ್ಲಿ, ಮಕ್ಕಳಾಡುವ ಅಂಗಳದಲ್ಲಿ ಅದನ್ನು ಹೊಡೆಯುವುದು ನನ್ನ ದೃಷ್ಟಿಯಲ್ಲಿ ಅಪರಾಧ. ಮನೆಯಲ್ಲಿ ಮಾಡುವವರಿಗೆ ಒಂದೇ ದ್ರವದ ಕ್ಲಿಯರ್ ಸಾಕು. ಅದಕ್ಕೂ ಬಯಲು ಬೇಕು, ಹತ್ತಿರ ಬೆಂಕಿ ಇರಬಾರದು.

ನನ್ನ ತೀರ್ಪು ಇಷ್ಟು. ಮೆಟಾಲಿಕ್ ಕಾರಿನ ಕಲ್ಲಿನ ಚುಕ್ಕೆಗಳನ್ನು, ಬಂಪರಿನ ಮೂಲೆಗಳನ್ನು, ಕೆಳಪಟ್ಟಿಯ ಗೀರುಗಳನ್ನು ಮನೆಯಲ್ಲಿ ಧೈರ್ಯವಾಗಿ ಮಾಡಿ. ತಿಳಿ ಬೆಳ್ಳಿಯ ಬಾಗಿಲಿನ ನಡುವಿನ ಗಾಯವನ್ನು, ಬಾನೆಟ್ಟನ್ನು, ಮುತ್ತಿನ ಬಿಳಿಯನ್ನು ಪೇಂಟರಿಗೆ ಬಿಡಿ. ಕೊಡುವಾಗ ಮೊದಲು ಕಾರ್ಡಿನ ಮೇಲೆ ಹೊಡೆದು ಬಿಸಿಲಿನಲ್ಲಿ ತೋರಿಸಲು ಹೇಳಿ, ಪಕ್ಕದ ಪ್ಯಾನೆಲ್ಲಿಗೆ ಬ್ಲೆಂಡ್ ಮಾಡುವ ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ. ರಸ್ತೆ ಬದಿಯ ಶೆಡ್ಡುಗಳಲ್ಲಿ ಮೂಗಿಗೊಂದು ಕರ್ಚೀಫು ಕಟ್ಟಿಕೊಂಡು ದಿನವಿಡೀ ಟೂ-ಕೆ ಕ್ಲಿಯರ್ ಹೊಡೆಯುವ ಹುಡುಗರಿದ್ದಾರೆ. ನಿಮ್ಮ ಕಾರಿನ ಕೆಲಸ ಅಂಥವರ ಕೈಯಲ್ಲಿದ್ದರೆ, ಕಾರ್ಟ್ರಿಡ್ಜ್ ಇರುವ ಮಾಸ್ಕ್ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಬಿಲ್ಲಿನ ಜೊತೆಗೆ ಅದನ್ನೂ ಒಂದು ಕೊಡಿಸಿ.